ಇಂಗ್ಲಿಷ್ ಪರೀಕ್ಷೆಯ ತಯಾರಿ ಕನ್ನಡದ ಓದಿನಿಂದ ಶುರುವಾಗಲಿ

2023ರ ಜೂನ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಅಮೆರಿಕದ ಇಟಿಎಸ್ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು ಸರ್ಕಾರಿ ಶಾಲೆಗಳಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ತಂದಿತು. ಚಿಕ್ಕ ತರಗತಿಯವರಿಗೆ ಟೋಫೆಲ್ ಪ್ರೈಮರಿ, ಅವರಿಗಿಂತ ದೊಡ್ಡವರಿಗೆ ಟೋಫೆಲ್ ಜೂನಿಯರ್. ಎಂಎಸ್ ಮಾಡಲು ವಿದೇಶಕ್ಕೆ ಹೊರಟವರ ಬಾಯಲ್ಲಿ ಮಾತ್ರ ಕೇಳಿಬರುತ್ತಿದ್ದ ಪರೀಕ್ಷೆಯ ಹೆಸರು ಹೀಗೆ ಹಳ್ಳಿಯ ಶಾಲೆಯವರೆಗೂ ಬಂತು. ಆಂಧ್ರದ ಹಳ್ಳಿ ಶಾಲೆಗಳಲ್ಲಿ ಕನ್ನಡದ ಮಕ್ಕಳೂ ಇದ್ದಾರೆ ಎಂಬುದು ಇತ್ತ ಬೆಂಗಳೂರಿನಲ್ಲಿ ಕುಳಿತವರಿಗೆ ಎಷ್ಟೋ ಸಲ ಮರೆತೇ ಹೋಗುತ್ತದೆ. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಗುಡಿಬಂಡೆ, ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಗಳಲ್ಲಿ, 1953ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಹೋದ ರಾಯದುರ್ಗದ ಸುತ್ತಮುತ್ತ, ಮನೆಯ ಮಾತು ಕನ್ನಡವಾಗಿರುವ ಕುಟುಂಬಗಳಿವೆ, ಕನ್ನಡ ಮಾಧ್ಯಮದ ಶಾಲೆಗಳೂ ಇವೆ. 2024ರಲ್ಲಿ ಸರ್ಕಾರ ಬದಲಾಯಿತು, ಟೋಫೆಲ್ ಯೋಜನೆಯೂ ಮುಂದುವರಿಯಲಿಲ್ಲ. ಆದರೆ ಅದು ಎಬ್ಬಿಸಿದ ಪ್ರಶ್ನೆ ಹಾಗೇ ಉಳಿದಿದೆ. ಗುಡಿಬಂಡೆಯಂಥ ಊರಿನ ಮಗು ಮುಂದೊಂದು ದಿನ ಇಂಗ್ಲಿಷ್ ಓದಿನ ಪರೀಕ್ಷೆಯಲ್ಲಿ ಗೆಲ್ಲಬೇಕಾದರೆ ತಯಾರಿ ಎಲ್ಲಿಂದ ಶುರುವಾಗಬೇಕು? ಆ ತಯಾರಿ ಕನ್ನಡದ ಓದಿನಿಂದಲೇ ಶುರುವಾಗಬೇಕು, ಬೇರೆಡೆಯಿಂದ ಶುರು ಮಾಡಿದರೆ ದುಡ್ಡೂ ವರ್ಷಗಳೂ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಪರೀಕ್ಷೆ ಏನು ಕೇಳುತ್ತದೆ ಎಂದು ನೋಡೋಣ. ಟೋಫೆಲ್‌ನಂತೆಯೇ ವಿದೇಶಕ್ಕೆ ಹೊರಟವರು ಬರೆಯುವ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್. ಅದರ ಓದಿನ ವಿಭಾಗದಲ್ಲಿ ಮೂರು ಲೇಖನ, 40 ಪ್ರಶ್ನೆ, 60 ನಿಮಿಷ. ಮೂರೂ ಸೇರಿ 2,150ರಿಂದ 2,750 ಪದ. ಉತ್ತರ ಬರೆದುಕೊಳ್ಳಲು ಬೇರೆ ಸಮಯವಿಲ್ಲ. ನಿಮಿಷಕ್ಕೆ ನೂರು ಪದದ ವೇಗದಲ್ಲಿ ಓದುವವರಿಗೆ ಲೇಖನಗಳನ್ನು ಒಮ್ಮೆ ಮುಗಿಸಲಿಕ್ಕೇ ಸುಮಾರು 27 ನಿಮಿಷದವರೆಗೂ ಹೋಗುತ್ತದೆ. ಉಳಿದ 33 ನಿಮಿಷದಲ್ಲಿ 40 ಪ್ರಶ್ನೆ, ಅಂದರೆ ಒಂದೊಂದಕ್ಕೆ ಒಂದು ನಿಮಿಷವೂ ಸಿಗುವುದಿಲ್ಲ. ಇನ್ನೂರು ಪದದ ವೇಗದವರು ಅಷ್ಟನ್ನೂ 14 ನಿಮಿಷದೊಳಗೆ ಓದಿ, ಸಂಶಯ ಬಂದ ಕಡೆ ಹಿಂದಿರುಗಿ ನೋಡುತ್ತಾರೆ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಈ ಪರೀಕ್ಷೆ ಬರೆಯುವವರಿಗೆ ಓದಿನಲ್ಲಿ 7 ಬ್ಯಾಂಡ್ ಬೇಕು. 40ರಲ್ಲಿ ಸುಮಾರು 30 ಉತ್ತರ ಸರಿಯಾದರೆ ಆ ಬ್ಯಾಂಡ್. ಆಸ್ಟ್ರೇಲಿಯ 2024ರ ಮಾರ್ಚ್‌ನಲ್ಲಿ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಒಟ್ಟು ಸ್ಕೋರನ್ನು 5.5ರಿಂದ 6ಕ್ಕೆ ಏರಿಸಿತು. ಮಕ್ಕಳ ಟೋಫೆಲ್ ಜೂನಿಯರ್‌ನಲ್ಲೂ ಓದಿನ ಭಾಗಕ್ಕೆ 50 ನಿಮಿಷ, 42 ಪ್ರಶ್ನೆ. ಎಲ್ಲ ಕಡೆಯೂ ಕೇಳುವುದು ಒಂದೇ: ಅಪರಿಚಿತ ವಿಷಯವೊಂದನ್ನು ಗಡಿಯಾರದ ಮುಂದೆ ಕುಳಿತು ಓದಿ, ಅದರಲ್ಲಿ ಏನು ಹೇಳಿದೆ, ಏನು ಹೇಳಿಲ್ಲ ಎಂದು ಬೇರ್ಪಡಿಸಬಲ್ಲೆಯಾ?

ಇದಕ್ಕೆ ಕೋಚಿಂಗ್ ಸೆಂಟರುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಉಪಾಯಗಳದ್ದು. ಮೊದಲು ಪ್ರಶ್ನೆ ಓದು, ಕೀವರ್ಡ್‌ಗೆ ಅಡಿಗೆರೆ ಹಾಕು, ಲೇಖನದಲ್ಲಿ ಅದೇ ಪದ ಹುಡುಕು, ಸುತ್ತಲಿನ ಎರಡು ಸಾಲು ನೋಡಿ ಉತ್ತರ ಬರೆ. ಕೇಳಲು ಸುಲಭ. ಆದರೆ ಪ್ರಶ್ನೆ ರಚಿಸುವವರು ಲೇಖನದ ಪದವನ್ನು ಪ್ರಶ್ನೆಯಲ್ಲಿ ಬೇಕೆಂದೇ ಬದಲಿಸಿರುತ್ತಾರೆ. ಅದೇ ಪದ ಸಿಕ್ಕ ಜಾಗದಲ್ಲಿ ತಪ್ಪು ಉತ್ತರ ಕಾದು ಕುಳಿತಿರುವುದೂ ಉಂಟು. ಎಲ್ಲರನ್ನೂ ಕಾಡುವ 'ಟ್ರೂ, ಫಾಲ್ಸ್, ನಾಟ್ ಗಿವನ್' ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಅದರ ಗುಟ್ಟು ಅರಿಯಲು ಇಂಗ್ಲಿಷೇ ಬೇಕಿಲ್ಲ. ಮೂರು ವಾಕ್ಯಗಳ ಒಂದು ಲೇಖನವಿದೆ ಎಂದುಕೊಳ್ಳಿ: "ಅಮರಾಪುರ ಮಂಡಲದ ಹೇಮಾವತಿ ನೊಳಂಬರ ರಾಜಧಾನಿಯಾಗಿತ್ತು. ಶಾಸನಗಳಲ್ಲಿ ಇದರ ಹೆಸರು ಹೆಂಜೇರು. ಇಲ್ಲಿನ ಕೆಲವು ಕೆತ್ತನೆಯ ಕಂಬಗಳು ಇಂದು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ." ಈಗ ಮೂರು ಹೇಳಿಕೆ. 'ನೊಳಂಬರ ರಾಜಧಾನಿಯ ಕೆಲವು ಶಿಲ್ಪಗಳು ಈಗ ಬೇರೆ ಊರಿನಲ್ಲಿವೆ': ಸರಿ. 'ಹೇಮಾವತಿಯ ಎಲ್ಲ ಕಂಬಗಳೂ ಊರಿನಲ್ಲೇ ಉಳಿದಿವೆ': ತಪ್ಪು. 'ಕಂಬಗಳನ್ನು ಬ್ರಿಟಿಷರು ಸಾಗಿಸಿದರು': ಲೇಖನದಲ್ಲಿ ಹೇಳಿಲ್ಲ. ಮೂರನೆಯದಕ್ಕೆ ಹೆಚ್ಚಿನವರು 'ಸರಿ' ಎಂದುಬಿಡುತ್ತಾರೆ. ಯಾಕೆಂದರೆ ಹಾಗಿರಬಹುದು ಎಂದು ಅವರಿಗೆ ಅನ್ನಿಸುತ್ತದೆ. ನಮಗೆ ಅನ್ನಿಸಿದ್ದಕ್ಕೂ ಬರೆದವರು ಹೇಳಿದ್ದಕ್ಕೂ ಇರುವ ಅಂತರವನ್ನು ಕಾಣುವುದು ಓದಿನ ಶಿಸ್ತು. ಅದನ್ನು ಕನ್ನಡದ ಲೇಖನದ ಮೇಲೆ ಕಲಿತ ಮಗುವಿಗೆ ಇಂಗ್ಲಿಷ್‌ನಲ್ಲಿ ಅದನ್ನೇ ಮತ್ತೆ ಮೊದಲಿಂದ ಕಲಿಸಬೇಕಾಗಿಲ್ಲ.

ಇದು ಭಾಷಾಭಿಮಾನದ ಮಾತು ಮಾತ್ರವಲ್ಲ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲೇ ಒಂದು ವಾದ ಮಂಡಿಸಿದರು. ಮಗು ತಾಯ್ನುಡಿಯಲ್ಲಿ ಗಳಿಸಿದ ಓದಿನ ಸಾಮರ್ಥ್ಯ ಎರಡನೆಯ ಭಾಷೆಗೂ ದಾಟುತ್ತದೆ, ಎರಡರ ಬುಡದಲ್ಲೂ ಇರುವುದು ಒಂದೇ ಅರಿವು ಎಂಬುದು ಅದರ ಸಾರ. ಆಮೇಲೆ ಎಲಿಜಬೆತ್ ಬರ್ನ್‌ಹಾರ್ಟ್ ಎರಡನೆಯ ಭಾಷೆಯ ಓದಿನ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಓದುಗರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ 20ರಷ್ಟು ತಾಯ್ನುಡಿಯ ಓದಿನಿಂದ, ಸುಮಾರು ಶೇ 30ರಷ್ಟು ಎರಡನೆಯ ಭಾಷೆಯ ಜ್ಞಾನದಿಂದ ಬರುತ್ತದೆ ಎಂದು ಅವರು ಅಂದಾಜಿಸಿದರು. ಪರೀಕ್ಷೆಯ ತಯಾರಿಯ ಪುಸ್ತಕಗಳು ಆ ಶೇ 20ರ ಕಡೆ ತಿರುಗಿಯೂ ನೋಡುವುದಿಲ್ಲ. ಒಂದು ಪ್ಯಾರಾದ ಮುಖ್ಯ ಮಾತು ಯಾವುದು, ಉದಾಹರಣೆ ಯಾವುದು, 'ಆದರೆ' ಎಂದ ಕೂಡಲೇ ವಾದ ಎತ್ತ ತಿರುಗಿತು, ಲೇಖಕರು ಖಚಿತವಾಗಿ ಹೇಳಿದರೇ ಅಥವಾ 'ಇರಬಹುದು' ಎಂದು ಬಿಟ್ಟರೇ ಎಂಬುದನ್ನೆಲ್ಲ ಗುರುತಿಸುವ ಕಣ್ಣು ಎಲ್ಲ ಭಾಷೆಗೂ ಒಂದೇ. ಆ ಕಣ್ಣು ತೆರೆಯುವುದು ಅರ್ಥ ಸಲೀಸಾಗಿ ದಕ್ಕುವ ಭಾಷೆಯಲ್ಲಿ.

ನಮ್ಮ ದೇಶದ ಅಂಕಿಅಂಶಗಳೂ ಅತ್ತಲೇ ಬೆರಳು ತೋರುತ್ತವೆ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಮೀಕ್ಷೆಯ ಪ್ರಕಾರ, 2016ರಲ್ಲಿ ಐದನೇ ತರಗತಿಯ ಶೇ 24.7ರಷ್ಟು ಮಕ್ಕಳು ಸರಳ ಇಂಗ್ಲಿಷ್ ವಾಕ್ಯ ಓದುತ್ತಿದ್ದರು. 2022ರಲ್ಲಿ ಅದು ಶೇ 24.5. ಇಂಗ್ಲಿಷ್‌ಗಾಗಿ ದೇಶವೇ ಹಾತೊರೆದ ಆರು ವರ್ಷಗಳಲ್ಲಿ ಓದು ಇದ್ದಲ್ಲೇ ಇತ್ತು. 2023ರಲ್ಲಿ 14ರಿಂದ 18 ವಯಸ್ಸಿನವರನ್ನು ಪರೀಕ್ಷಿಸಿದಾಗ ಶೇ 57.3ರಷ್ಟು ಮಂದಿ ಇಂಗ್ಲಿಷ್ ವಾಕ್ಯ ಓದಿದರು. ಹಾಗೆ ಓದಿದವರಲ್ಲೂ ಅರ್ಥ ಹೇಳಬಲ್ಲವರು ಸುಮಾರು ನಾಲ್ಕರಲ್ಲಿ ಮೂವರು ಮಾತ್ರ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಇದೆ: ಆ ವಯಸ್ಸಿನವರಲ್ಲಿ ಸುಮಾರು ಕಾಲು ಭಾಗದಷ್ಟು ಜನ ತಮ್ಮ ಪ್ರಾದೇಶಿಕ ಭಾಷೆಯ ಎರಡನೇ ತರಗತಿಯ ಪಾಠವನ್ನೇ ಸರಾಗವಾಗಿ ಓದಲಾರರು. ತನ್ನ ಮಾತಿನ ಎರಡನೇ ತರಗತಿ ಪಾಠದಲ್ಲಿ ತಡವರಿಸುವ ಹದಿನೇಳರ ಹುಡುಗನಿಗೆ ಇಂಗ್ಲಿಷ್ ಲೇಖನದ ಕೀವರ್ಡ್ ಹುಡುಕಲು ಕಲಿಸಿ ಫಲವೇನು? ಜ್ವರ ಅಳೆಯುವ ಕಡ್ಡಿಯನ್ನು ಎಷ್ಟು ಸಲ ಬಾಯಿಗಿಟ್ಟರೂ ಜ್ವರ ಇಳಿಯುವುದಿಲ್ಲ. ಪರೀಕ್ಷೆ ಅಳೆಯುತ್ತದೆ, ಓದನ್ನು ಕೊಡುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಕನ್ನಡ ಎಷ್ಟೇ ಓದಿದರೂ ಇಂಗ್ಲಿಷ್ ಪದಗಳು ತಾನಾಗಿ ಬರುವುದಿಲ್ಲವಲ್ಲ? ನಿಜ, ಬರುವುದಿಲ್ಲ. ಪಾಲ್ ನೇಷನ್ ಮತ್ತವರ ಸಹೋದ್ಯೋಗಿ 2000ದಲ್ಲಿ ನಡೆಸಿದ ಅಧ್ಯಯನದಲ್ಲಿ, ಐದು ಪದಕ್ಕೊಂದು ಗೊತ್ತಿಲ್ಲದ ಪದ ಎದುರಾದವರಲ್ಲಿ ಒಬ್ಬರಿಗೂ ಕಥೆ ಸರಿಯಾಗಿ ಅರ್ಥವಾಗಲಿಲ್ಲ. ನೂರರಲ್ಲಿ 98 ಪದ ಗೊತ್ತಿದ್ದರೆ ಮಾತ್ರ ಹೊರಗಿನ ನೆರವಿಲ್ಲದೆ ಓದು ಸಾಗುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಇಂಗ್ಲಿಷ್‌ನ ಒಂದು ಮಟ್ಟದ ಪರಿಚಯ ಆಗುವವರೆಗೆ ಕನ್ನಡದ ಓದಿನ ಬಲ ಇಂಗ್ಲಿಷ್‌ಗೆ ದಾಟಲು ದಾರಿಯೇ ಇರುವುದಿಲ್ಲ ಎಂಬುದನ್ನೂ ಒಪ್ಪಬೇಕು. ಹಾಗಾಗಿ ಇಂಗ್ಲಿಷ್ ಓದನ್ನು ಮುಂದಕ್ಕೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಎರಡೂ ಜೊತೆಯಲ್ಲಿ ನಡೆಯಲಿ, ಕನ್ನಡ ಒಂದು ಹೆಜ್ಜೆ ಮುಂದಿರಲಿ ಎನ್ನುತ್ತಿದ್ದೇನೆ. ಇಂಗ್ಲಿಷ್ ಪದಸಂಪತ್ತು ಬೆಳೆಯುವುದೂ ಓದಿನಿಂದಲೇ. ತನ್ನ ಮಟ್ಟಕ್ಕೆ ತಕ್ಕ, ನೂರರಲ್ಲಿ ಒಂದೆರಡು ಪದ ಮಾತ್ರ ಹೊಸದಾಗಿರುವ ಪುಸ್ತಕಗಳನ್ನು ಒಂದಾದ ಮೇಲೊಂದು ಓದಿದರೆ ಪದ ತಲೆಯಲ್ಲಿ ನಿಲ್ಲುತ್ತದೆ. ಸಾವಿರ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೆ ಲೇಖನದೊಳಗೆ ಅದೇ ಪದ ಬೇರೆ ಅರ್ಥದಲ್ಲಿ ಬಂದಾಗ ಗುರುತೇ ಸಿಗುವುದಿಲ್ಲ. ಕಥೆ ಓದುವುದು ಸಂತೋಷ ಎಂದು ಕನ್ನಡದಲ್ಲಿ ಕಂಡುಕೊಂಡ ಮಗು ಇಂಗ್ಲಿಷ್ ಪುಸ್ತಕವನ್ನೂ ಧೈರ್ಯದಿಂದ ಕೈಗೆತ್ತಿಕೊಳ್ಳುತ್ತದೆ.

ಎರಡನೆಯ ಆಕ್ಷೇಪ ಅವಸರದ್ದು. ಮೂರು ತಿಂಗಳಲ್ಲಿ ಪರೀಕ್ಷೆ ಇದೆ, ಐಇಎಲ್‌ಟಿಎಸ್‌ಗೆ ಒಂದು ಸಲ ಕುಳಿತರೆ ಹದಿನೇಳು ಹದಿನೆಂಟು ಸಾವಿರ ರೂಪಾಯಿ ಶುಲ್ಕ, ಈಗ ಕಥೆ ಪುಸ್ತಕ ಓದುತ್ತ ಕೂರಲು ಆಗುತ್ತದೆಯೇ? ಬೀಜ, ಗೊಬ್ಬರಕ್ಕೇ ಸಾಲ ಮಾಡುವ ಮನೆಯ ಮಕ್ಕಳ ಬಾಯಲ್ಲಿ ಈ ಪ್ರಶ್ನೆ ಹಗುರವಾದದ್ದಲ್ಲ. ಪರೀಕ್ಷೆಯ ಸ್ವರೂಪ ತಿಳಿದಿರಬೇಕು, ಗಡಿಯಾರ ಇಟ್ಟುಕೊಂಡು ಮಾಕ್ ಟೆಸ್ಟ್ ಬರೆದಿರಬೇಕು, ತಪ್ಪಾದರೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇದಕ್ಕೆಲ್ಲ ಕೆಲವು ವಾರ ಸಾಕು. ಆದರೆ ಆ ವಾರಗಳು ಈಗಾಗಲೇ ಓದಬಲ್ಲವರ ಸ್ಕೋರನ್ನು ಒಂದಿಷ್ಟು ಎತ್ತುತ್ತವೆಯೇ ಹೊರತು, ಓದು ಬಾರದವರನ್ನು ದಡ ಸೇರಿಸುವುದಿಲ್ಲ. ಹಾಗೆ ಸೇರಿಸುತ್ತೇವೆ ಎಂದು ನಂಬಿಸಿ ಶುಲ್ಕ ಕಟ್ಟಿಸಿಕೊಳ್ಳುವುದು ಬಡವರ ದುಡ್ಡಿಗೆ ಮಾಡುವ ಅನ್ಯಾಯ. ಇನ್ನೊಂದು ಮಾತು: ಪರೀಕ್ಷೆಯ ಸ್ವರೂಪ ನಿಂತ ನೀರಲ್ಲ. ವಿದೇಶಕ್ಕೆ ಹೊರಟವರು ಬರೆಯುವ ಟೋಫೆಲ್ ಐಬಿಟಿ 2023ರ ಜುಲೈನಲ್ಲಿ ಸುಮಾರು ಮೂರು ಗಂಟೆಯಿಂದ ಎರಡು ಗಂಟೆಯೊಳಕ್ಕೆ ಇಳಿಯಿತು, ಓದಿನ ವಿಭಾಗ ಎರಡು ಲೇಖನ, 20 ಪ್ರಶ್ನೆ, 35 ನಿಮಿಷವಾಯಿತು. 2026ರ ಜನವರಿಯಲ್ಲಿ ಅದು ಮತ್ತೆ ಬದಲಾಯಿತು. ಒಂದು ಸ್ವರೂಪಕ್ಕೆ ಕಲಿತ ಉಪಾಯ ಸ್ವರೂಪದ ಜೊತೆಯೇ ಹೋಗುತ್ತದೆ. ಓದಬಲ್ಲವರು ಯಾವ ಸ್ವರೂಪಕ್ಕೂ ಅಂಜಬೇಕಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮ ಕೊಟ್ಟರೆ ಈ ಸುತ್ತುದಾರಿ ಯಾಕೆ? ಆಂಧ್ರ ಸರ್ಕಾರ 2019ರ ನವೆಂಬರ್‌ನಲ್ಲಿ ಹೊರಟದ್ದು ಅದೇ ದಾರಿಯಲ್ಲಿ. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿತು. ಕೋರ್ಟಿನ ಮಾತು ಬದಿಗಿರಲಿ, ಗಡಿಯ ಮಗುವಿನ ಸ್ಥಿತಿ ನೋಡಿ. ಮನೆಯಲ್ಲಿ ಕನ್ನಡ, ಕಚೇರಿಯ ಬೋರ್ಡಿನಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್. ಮೂರು ಲಿಪಿ ಕಲಿಯುವುದು ಹೊರೆ ಎಂದು ನಾನು ಭಾವಿಸುವುದಿಲ್ಲ. ಕನ್ನಡವೂ ತೆಲುಗೂ ಹತ್ತಿರದ ಲಿಪಿಗಳು. ಒಂದರಲ್ಲಿ ಚೆನ್ನಾಗಿ ಓದಬಲ್ಲ ಮಗು ಇನ್ನೊಂದನ್ನು ಬೇಗ ಹಿಡಿಯುತ್ತದೆ. ಅಪಾಯ ಇರುವುದು ಮೂರರಲ್ಲೂ ಅಕ್ಷರ ಕೂಡಿಸಿ ಓದುವ ಹಂತದಲ್ಲೇ ಮಗು ನಿಂತುಬಿಡುವುದರಲ್ಲಿ. ಒಂದರಲ್ಲಾದರೂ ಪೂರ್ಣ ಓದುಗರಾದವರು ಉಳಿದ ಎರಡಕ್ಕೆ ದಾಟುತ್ತಾರೆ, ಯಾವುದರಲ್ಲೂ ಆಗದವರು ಮೂರನ್ನೂ ಕಳೆದುಕೊಳ್ಳುತ್ತಾರೆ. ಕನಿಷ್ಠ ಐದನೇ ತರಗತಿಯವರೆಗೆ ಸಾಧ್ಯವಿರುವ ಕಡೆಯೆಲ್ಲ ಮನೆಮಾತಿನಲ್ಲಿ ಕಲಿಸಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿರುವುದು ಇದಕ್ಕೇ. ಗುಡಿಬಂಡೆಯಲ್ಲಿ ಆ ಮನೆಮಾತು ಕನ್ನಡ.

ಹಾಗಾದರೆ ಮಾಡಬೇಕಾದ್ದೇನು? ಕರ್ನಾಟಕ 2020ರ ನವೆಂಬರ್ 14ರಂದು 'ಓದುವ ಬೆಳಕು' ಅಭಿಯಾನ ಆರಂಭಿಸಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಅದೇ ತಿಂಗಳು ಆಂಧ್ರವೂ ತನ್ನ ಶಾಲೆಗಳಲ್ಲಿ ಓದಿನ ಅಭಿಯಾನ ಶುರು ಮಾಡಿತು. ಶಿರಾ, ಪಾವಗಡ, ಮಧುಗಿರಿಯ ಮಗುವಿಗೆ ಸಿಗುವ ಕನ್ನಡ ಪುಸ್ತಕ ಗಡಿಯಾಚೆ ಅದೇ ಕನ್ನಡ ಮಾತಾಡುವ ಮಗುವಿಗೂ ಸಿಗಬೇಕು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಕನ್ನಡ ಶಾಲೆಗಳಿಗೆ ನೆರವು ನೀಡುವಾಗ ಕಥೆ, ವಿಜ್ಞಾನ, ಜೀವನಚರಿತ್ರೆಗಳ ಪುಸ್ತಕಕ್ಕೆ ಮೊದಲ ಸ್ಥಾನ ಕೊಡಲಿ. ಆಂಧ್ರದ ಶಿಕ್ಷಣ ಇಲಾಖೆ ತನ್ನ ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವಾಗ ಕನ್ನಡ ಶಾಲೆಗಳಿಗೆ ಕನ್ನಡ ಪುಸ್ತಕವನ್ನೇ ಕಳಿಸಲಿ. ಪ್ರಥಮ್ ಬುಕ್ಸ್‌ನ 'ಸ್ಟೋರಿವೀವರ್' ತಾಣದಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಉಚಿತವಾಗಿ ಸಿಗುತ್ತವೆ. ಬೆಳಿಗ್ಗೆ ಕನ್ನಡದಲ್ಲಿ ಓದಿದ ಕಥೆಯನ್ನೇ ಮಧ್ಯಾಹ್ನ ಇಂಗ್ಲಿಷ್‌ನಲ್ಲಿ ಓದಿಸಿದರೆ ಅರ್ಥ ಮೊದಲೇ ಗೊತ್ತಿರುವುದರಿಂದ ಪದಗಳು ತಾವಾಗಿ ಅಂಟಿಕೊಳ್ಳುತ್ತವೆ. ಪ್ರೌಢಶಾಲೆಯ ಶಿಕ್ಷಕರು ವಾರಕ್ಕೊಂದು ಪತ್ರಿಕೆಯ ಲೇಖನ ತೆಗೆದುಕೊಂಡು, ಹೇಮಾವತಿಯ ಉದಾಹರಣೆಯಂತೆ 'ಸರಿ, ತಪ್ಪು, ಹೇಳಿಲ್ಲ' ಎಂಬ ಮೂರು ಉತ್ತರಗಳ ಪ್ರಶ್ನೆ ಹಾಕಲಿ. ಅದಕ್ಕೆ ಖರ್ಚು ಒಂದು ದಿನದ ಪತ್ರಿಕೆಯ ಬೆಲೆ ಮಾತ್ರ.

ಮಗಳನ್ನು ನರ್ಸಿಂಗ್‌ಗೆ, ಮಗನನ್ನು ಎಂಜಿನಿಯರಿಂಗ್‌ಗೆ ಸೇರಿಸಿ ವಿದೇಶದ ಕನಸು ಕಾಣುವ ಗಡಿನಾಡಿನ ತಂದೆತಾಯಿಗಳಲ್ಲಿ ಒಂದೇ ವಿನಂತಿ. ಆ ಕನಸು ದೊಡ್ಡದು, ನ್ಯಾಯವಾದದ್ದು, ಅದನ್ನು ಬಿಡಬೇಡಿ. ಅದಕ್ಕಾಗಿ ಮಕ್ಕಳ ಕೈಯಿಂದ ಕನ್ನಡ ಪುಸ್ತಕವನ್ನು ಮಾತ್ರ ಕಿತ್ತುಕೊಳ್ಳಬೇಡಿ. ದಿನಕ್ಕೆ ಅರ್ಧ ಗಂಟೆ ಕನ್ನಡ ಓದಿಸಿ, ಅರ್ಧ ಗಂಟೆ ಇಂಗ್ಲಿಷ್ ಓದಿಸಿ, ಓದಿದ್ದರಲ್ಲಿ ಏನಿತ್ತು ಎಂದು ಕೇಳಿ. ಹತ್ತು ವರ್ಷ ಹೀಗೆ ಓದಿದ ಮಗುವಿಗೆ ಓದಿನ ವಿಭಾಗದ ಕೋಚಿಂಗ್ ಬೇಕಾಗುವುದಿಲ್ಲ.