ಅತಿಥಿಯಿಲ್ಲದ ಆತಿಥೇಯರು

2018ರ ನವೆಂಬರ್ 24ರಂದು ಬ್ಯೂನಸ್ ಐರಿಸ್ ನಗರದ ಮೊನುಮೆಂತಾಲ್ ಕ್ರೀಡಾಂಗಣ ಮಧ್ಯಾಹ್ನದಿಂದಲೇ ತುಂಬತೊಡಗಿತ್ತು. ಒಂದೇ ಊರಿನ ಎರಡು ತಂಡಗಳಾದ ರಿವರ್ ಪ್ಲೇಟ್ ಮತ್ತು ಬೋಕಾ ಜೂನಿಯರ್ಸ್, ದಕ್ಷಿಣ ಅಮೆರಿಕದ ಅತಿ ದೊಡ್ಡ ಕ್ಲಬ್ ಫುಟ್‌ಬಾಲ್ ಪಂದ್ಯಾವಳಿ ಕೋಪಾ ಲಿಬರ್ತಾದೋರೆಸ್‌ನ ಫೈನಲ್‌ನಲ್ಲಿ ಎದುರಾಗಿದ್ದವು. ಅಷ್ಟು ದೊಡ್ಡ ಮೈದಾನದಲ್ಲಿ ಬೋಕಾ ಬೆಂಬಲಿಗರಿಗೆಂದು ಒಂದೇ ಒಂದು ಕುರ್ಚಿ ಇರಲಿಲ್ಲ. ಹೊರಗಿನವರು ಬಂದರೆ ಹೊಡೆದಾಟವಾಗುತ್ತದೆ, ಆದ್ದರಿಂದ ಅವರನ್ನು ಒಳಗೆ ಬಿಡಲೇಬಾರದು ಎಂದು ಆ ದೇಶ ತೀರ್ಮಾನಿಸಿ ಆಗಲೇ ಐದು ವರ್ಷ ಕಳೆದಿತ್ತು. ಇದೊಂದು ಪಂದ್ಯಕ್ಕಾದರೂ ಬಿಡೋಣ ಎಂದು ಅಧ್ಯಕ್ಷ ಮೌರಿಸಿಯೋ ಮಾಕ್ರಿ ಹೇಳಿ ನೋಡಿದರು. ಕ್ಲಬ್ಬುಗಳು ಒಪ್ಪಲಿಲ್ಲ.

ಹೊರಗಿನವರು ಬರಲಿಲ್ಲ. ಹೊಡೆದಾಟ ಮಾತ್ರ ತಪ್ಪಲಿಲ್ಲ. ಬೋಕಾ ಆಟಗಾರರ ಬಸ್ಸು ಕ್ರೀಡಾಂಗಣ ಸಮೀಪಿಸುತ್ತಿದ್ದಂತೆ ರಿವರ್ ಬೆಂಬಲಿಗರು ಕಲ್ಲು, ಬಾಟಲಿ ತೂರಿ ಕಿಟಕಿಗಳನ್ನು ಒಡೆದರು. ನಾಯಕ ಪಾಬ್ಲೊ ಪೆರೆಸ್‌ನ ಕಣ್ಣಿಗೆ ಗಾಯವಾಯಿತು. ಗುಂಪು ಚದುರಿಸಲು ಪೊಲೀಸರು ಬಿಟ್ಟ ಅನಿಲ ಒಡೆದ ಕಿಟಕಿಗಳಿಂದಲೇ ಬಸ್ಸಿನೊಳಕ್ಕೆ ನುಗ್ಗಿತು. ಪಂದ್ಯವನ್ನು ಮುಂದೂಡಿದರು, ಮತ್ತೆ ಮುಂದೂಡಿದರು. ಕೊನೆಗೆ ಡಿಸೆಂಬರ್ 9ರಂದು ಅದು ನಡೆದದ್ದು ಸುಮಾರು ಹತ್ತು ಸಾವಿರ ಕಿಲೋಮೀಟರ್ ದೂರದ ಮ್ಯಾಡ್ರಿಡ್‌ನಲ್ಲಿ. ಸ್ಪೇನಿನಿಂದ ದಕ್ಷಿಣ ಅಮೆರಿಕವನ್ನು ಬಿಡಿಸಿಕೊಟ್ಟ ವಿಮೋಚಕರ ಹೆಸರಿನ ಕಪ್ಪು ಸ್ಪೇನಿನ ರಾಜಧಾನಿಯಲ್ಲಿ! ಅಲ್ಲಿ ಎರಡೂ ಕಡೆಯವರಿಗೆ ಟಿಕೆಟ್ ಸಿಕ್ಕಿತು. ತಮ್ಮ ಊರಿನಲ್ಲಿ ಒಂದೇ ಸೂರಿನಡಿ ಕೂರಲಾಗದವರು ಪರದೇಶದಲ್ಲಿ ಕೂತು ಪಂದ್ಯ ನೋಡಿ, ಗೆದ್ದವರು ಕುಣಿದು, ಸೋತವರು ಅತ್ತು ಹೊರಬಂದರು. ರಿವರ್ 3-1ರಿಂದ ಗೆದ್ದಿತ್ತು.

ಹಾಗಾದರೆ ಬ್ಯೂನಸ್ ಐರಿಸ್‌ನಲ್ಲಿ ಜಗಳಕ್ಕೆ ಕಾರಣ ಯಾರು? ಅಲ್ಲಿ ಇಲ್ಲದೇ ಇದ್ದವರೇ?

ಈ ನಿಷೇಧ ಹುಟ್ಟಿದ ಕಥೆಯನ್ನೂ ಕೇಳಬೇಕು. 2013ರ ಜೂನ್‌ನಲ್ಲಿ ಲಾನೂಸ್ ತಂಡದ ಬೆಂಬಲಿಗರು ಲಾ ಪ್ಲಾತಾ ನಗರಕ್ಕೆ ಎಸ್ತೂದಿಯಾಂತೆಸ್ ವಿರುದ್ಧದ ಪಂದ್ಯ ನೋಡಲು ಹೋಗಿದ್ದರು. ಕ್ರೀಡಾಂಗಣದ ಬಾಗಿಲ ಬಳಿ ಗದ್ದಲವಾಯಿತು. ಪೊಲೀಸರು ಹತ್ತಿರದಿಂದ ಹಾರಿಸಿದ ರಬ್ಬರ್ ಗುಂಡು ತಗಲಿ ಲಾನೂಸ್‌ನ ಒಬ್ಬ ಬೆಂಬಲಿಗ ಸತ್ತ. ಗುಂಡು ಹಾರಿಸಿದ್ದು ಪೊಲೀಸು, ಸತ್ತವನು ಅತಿಥಿ. ಶಿಕ್ಷೆಯಾದದ್ದು ಯಾರಿಗೆ? ದೇಶದ ಎಲ್ಲ ಅತಿಥಿಗಳಿಗೆ. ಅಂದಿನಿಂದ ಅಗ್ರ ದರ್ಜೆಯ ಲೀಗ್ ಪಂದ್ಯಗಳಲ್ಲಿ ಪರವೂರಿನವರಿಗೆ ಬಾಗಿಲು ಮುಚ್ಚಿತು. ನಾವು ಕಥೆ ಬರೆಯುವವರು. ಇಂಥ ತಿರುವನ್ನು ಕಥೆಯಲ್ಲಿಟ್ಟರೆ ಸಂಪಾದಕರು ಅಸಹಜ ಎಂದು ವಾಪಸು ಕಳಿಸುತ್ತಾರೆ.

ಇಲ್ಲಿ ಒಂದು ಮಾತು. ಕನ್ನಡ ಪತ್ರಿಕೆಗಳ ಕ್ರೀಡಾಪುಟ ತವರಿನ ತಂಡವನ್ನು 'ಆತಿಥೇಯರು' ಎನ್ನುತ್ತದೆ. ನಾವು ಚಿಕ್ಕಂದಿನಲ್ಲಿ ಓದಿದ ಉರ್ದು ಪತ್ರಿಕೆಗಳಲ್ಲಿ 'ಮೇಜ್‌ಬಾನ್' ಮತ್ತು 'ಮೆಹಮಾನ್' ಎಂದೇ ಬರೆಯುತ್ತಿದ್ದರು. ಸ್ಪ್ಯಾನಿಷ್ ಭಾಷೆಯ 'ವಿಸಿತಾಂತೆ' ಎಂದರೂ ಭೇಟಿಗೆ ಬಂದವನು ಎಂದೇ ಅರ್ಥ. ಮೂರು ಭಾಷೆಗಳು ಪರಸ್ಪರ ಕೇಳದೆ ಒಂದೇ ಮಾತಿಗೆ ಬಂದಿವೆ. ಆದರೆ ಮೈದಾನದ ಬಾಗಿಲಿಗೆ ಬಂದಾಗ ಈ ಮೆಹಮಾನ್‌ಗೆ ಸಿಗುವುದು ಕಬ್ಬಿಣದ ಬೇಲಿ, ಕುದುರೆ ಪೊಲೀಸು ಮತ್ತು ಅನುಮಾನ.

ಪರವೂರಿನ ಬೆಂಬಲಿಗರೆಲ್ಲ ಸಾಧುಗಳೇ ಎಂದು ಓದುಗರು ಕೇಳಬಹುದು. ಅಲ್ಲ. 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಬೆಂಬಲಿಗರು ಯುವೆಂಟಸ್‌ನವರ ಮೇಲೆ ಏರಿಹೋದಾಗ ಗೋಡೆ ಕುಸಿದು 39 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಇಟಲಿಯವರು. ಆ ರಕ್ತವನ್ನು ಯಾರೂ ಒರೆಸಿ ಹಾಕಲಾರರು. ಏರಿಹೋದವರನ್ನು ಹಿಡಿದು ಜೈಲಿಗೆ ಹಾಕಿದ್ದು ಸರಿಯೇ. ನಮ್ಮ ತಕರಾರು ಅದರ ಮುಂದಿನ ಹೆಜ್ಜೆಯ ಬಗ್ಗೆ. ಒಬ್ಬ ಮಾಡಿದ್ದಕ್ಕೆ ಅವನ ಬಣ್ಣದ ಅಂಗಿ ತೊಟ್ಟ ಪ್ರತಿಯೊಬ್ಬನನ್ನೂ ಗೂಂಡಾ ಎಂದು ಬರೆದಿಟ್ಟುಕೊಳ್ಳುವ ಅಭ್ಯಾಸವಿದೆಯಲ್ಲ, ಅದು ಗೂಂಡಾಗಿರಿಗಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿದೆ.

ನಾಲ್ಕು ವರ್ಷಗಳ ನಂತರ, 1989ರ ಏಪ್ರಿಲ್ 15ರಂದು, ಅದೇ ಲಿವರ್‌ಪೂಲ್‌ನ ಜನ ಎಫ್‌ಎ ಕಪ್ ಸೆಮಿಫೈನಲ್ ನೋಡಲು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣಕ್ಕೆ ಹೋದರು. ನಿಂತು ನೋಡುವ ಟಿಕೆಟ್ ಇದ್ದ 10,100 ಜನರಿಗೆ ಇದ್ದದ್ದು ಏಳು ತಿರುಗು ಬಾಗಿಲು. ಒಳಗೆ ಕುರಿದೊಡ್ಡಿಯಂತೆ ಬೇಲಿ ಹಾಕಿದ ಅಂಕಣಗಳು. ಹೊರಗೆ ಒತ್ತಡ ಹೆಚ್ಚಿದಾಗ ಪೊಲೀಸರೇ ದೊಡ್ಡ ಗೇಟು ತೆಗೆಸಿದರು. ನುಗ್ಗಿದ ಜನರನ್ನು ಆಗಲೇ ತುಂಬಿದ್ದ ನಡುವಿನ ಅಂಕಣಗಳ ಕಡೆಗೆ ಹೋಗದಂತೆ ತಡೆಯುವವರು ಯಾರೂ ಇರಲಿಲ್ಲ. ಬೇಲಿಗೆ ಒತ್ತಿ ಉಸಿರುಗಟ್ಟಿ ಜನ ಸಾಯುತ್ತಿದ್ದಾಗ ಬೇಲಿ ಹತ್ತಿ ಪಾರಾಗಲು ನೋಡಿದವರನ್ನು ಕೆಲವು ಪೊಲೀಸರು ಮತ್ತೆ ಒಳಕ್ಕೇ ನೂಕಿದರು. ಅವರ ಕಣ್ಣಿಗೆ ಅದು ಉಸಿರಿಗಾಗಿ ಒದ್ದಾಡುವ ಮನುಷ್ಯರ ಗುಂಪಾಗಿ ಕಾಣಲಿಲ್ಲ. ಮೈದಾನಕ್ಕೆ ನುಗ್ಗಲು ಬಂದ ಪುಂಡರಾಗಿ ಕಂಡಿತು. ಕೊನೆಗೆ ಸತ್ತವರು 97.

ಗೇಟು ಒಡೆದದ್ದು ಬೆಂಬಲಿಗರೇ ಎಂದು ಅಲ್ಲಿನ ಪೊಲೀಸ್ ಮುಖ್ಯಸ್ಥ ಅದೇ ಮಧ್ಯಾಹ್ನ ಸುಳ್ಳು ಹೇಳಿದ. ನಾಲ್ಕು ದಿನಗಳ ಬಳಿಕ 'ಸನ್' ಪತ್ರಿಕೆ, ಈ ಜನ ಸತ್ತವರ ಜೇಬಿಗೆ ಕೈ ಹಾಕಿದರು ಎಂದು ಮುಖಪುಟದಲ್ಲಿ ಬರೆದು ಅದಕ್ಕೆ 'ಸತ್ಯ' ಎಂದು ತಲೆಬರಹ ಕೊಟ್ಟಿತು. ನೂರಕ್ಕೂ ಹೆಚ್ಚು ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿತ್ತು ಎಂದು ಗೊತ್ತಾದದ್ದು 2012ರಲ್ಲಿ. ಬೆಂಬಲಿಗರ ತಪ್ಪಿಲ್ಲ, ಸತ್ತವರನ್ನು ಕಾನೂನುಬಾಹಿರವಾಗಿ ಕೊಲ್ಲಲಾಗಿದೆ ಎಂದು ಜ್ಯೂರಿ ಹೇಳಿದ್ದು 2016ರ ಏಪ್ರಿಲ್‌ನಲ್ಲಿ. ಮಗನನ್ನು ಕಳೆದುಕೊಂಡ ತಾಯಂದಿರು ಅವನು ಕುಡುಕನಲ್ಲ, ಕಳ್ಳನಲ್ಲ ಎಂದು ಸಾಬೀತು ಮಾಡಲು 27 ವರ್ಷ ಕಾಯಬೇಕಾಯಿತು. ಎಷ್ಟೋ ತಾಯಂದಿರು ಆ ದಿನವನ್ನು ಕಾಣಲೇ ಇಲ್ಲ.

ಕಾಲ ಬದಲಾಯಿತೇ? 2022ರ ಮೇ 28ರಂದು ಪ್ಯಾರಿಸ್ಸಿನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಮತ್ತೆ ಲಿವರ್‌ಪೂಲ್‌ನ ಜನ, ಮತ್ತೆ ಇಕ್ಕಟ್ಟಾದ ದಾರಿ, ಮುಚ್ಚಿದ ಗೇಟುಗಳು. ಟಿಕೆಟ್ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು, ಮಕ್ಕಳ ಮುಖಕ್ಕೂ ಅಶ್ರುವಾಯು ಬಿತ್ತು. ಪಂದ್ಯ ಅರ್ಧ ಗಂಟೆಗೂ ಮೀರಿ ತಡವಾದಾಗ ಒಳಗಿನ ಪರದೆಯ ಮೇಲೆ ಬಂದ ಕಾರಣ: ಬೆಂಬಲಿಗರು ತಡವಾಗಿ ಬಂದರು. ಟಿಕೆಟ್ಟಿಲ್ಲದೆ ಅಥವಾ ನಕಲಿ ಟಿಕೆಟ್ಟಿನೊಂದಿಗೆ ಬಂದವರೇ ಮೂವತ್ತು ನಲವತ್ತು ಸಾವಿರ ಎಂದರು ಫ್ರಾನ್ಸಿನ ಗೃಹ ಸಚಿವರು. ಗೇಟಿನಲ್ಲಿ ಪತ್ತೆಯಾದ ನಕಲಿ ಟಿಕೆಟ್ಟುಗಳು ಮೂರು ಸಾವಿರವೂ ಇರಲಿಲ್ಲ. ಮುಖ್ಯ ಹೊಣೆ ಪಂದ್ಯ ಏರ್ಪಡಿಸಿದ ಯುಯೆಫಾ ಸಂಸ್ಥೆಯದೇ ಎಂದು ಅದೇ ಸಂಸ್ಥೆ ನೇಮಿಸಿದ ಸ್ವತಂತ್ರ ಸಮಿತಿ 2023ರಲ್ಲಿ ಹೇಳಿತು. ಈ ಸಲ 27 ವರ್ಷ ಹಿಡಿಯಲಿಲ್ಲ. ಕಾರಣ, ಎಲ್ಲರ ಕೈಯಲ್ಲೂ ಕ್ಯಾಮೆರಾ ಇತ್ತು.

ನೀನು ಯಾರ ಕಡೆ ಎಂಬ ಪ್ರಶ್ನೆ ಮೈದಾನದಲ್ಲಿ ಆಟದ ಪ್ರಶ್ನೆ. ಅದನ್ನು ಮೈದಾನದಿಂದ ಹೊರಗೆ ತಂದು ಪೌರತ್ವದ ಪರೀಕ್ಷೆ ಮಾಡುವವರೂ ಇದ್ದಾರೆ. 1990ರಲ್ಲಿ ನಾರ್ಮನ್ ಟೆಬಿಟ್ ಎಂಬ ಬ್ರಿಟಿಷ್ ರಾಜಕಾರಣಿ, ಏಷ್ಯಾದಿಂದ ಬಂದು ನೆಲೆಸಿದವರು ಕ್ರಿಕೆಟ್ಟಿನಲ್ಲಿ ಯಾರಿಗೆ ಜೈ ಎನ್ನುತ್ತಾರೆ ಎಂಬುದರಿಂದ ಅವರ ನಿಷ್ಠೆ ಅಳೆಯಬೇಕೆಂದ. ಆ ಪ್ರಶ್ನೆ ನಮಗೆ ಹೊಸದಲ್ಲ. ಚಹಾದಂಗಡಿಯ ಬೆಂಚಿನ ಮೇಲೆ, ರೈಲಿನಲ್ಲಿ, ನಗುನಗುತ್ತಲೇ ಕೇಳಿದವರನ್ನು ನಾವು ಕಂಡಿದ್ದೇವೆ. 2014ರ ಮಾರ್ಚ್‌ನಲ್ಲಿ ಏಷ್ಯಾ ಕಪ್ ಪಂದ್ಯದ ವೇಳೆ ಪಾಕಿಸ್ತಾನಕ್ಕೆ ಜೈ ಎಂದರೆಂಬ ಆರೋಪದ ಮೇಲೆ ಮೀರತ್‌ನ ಖಾಸಗಿ ವಿಶ್ವವಿದ್ಯಾಲಯವೊಂದರ ಅರವತ್ತಕ್ಕೂ ಹೆಚ್ಚು ಕಾಶ್ಮೀರಿ ವಿದ್ಯಾರ್ಥಿಗಳು ಅಮಾನತಾದರು. ಪೊಲೀಸರು ರಾಜದ್ರೋಹದ ಪ್ರಕರಣ ದಾಖಲಿಸಿದರು. ದೇಶದಲ್ಲೆಲ್ಲ ಟೀಕೆ ಬಂದ ಮೇಲೆ ಆ ಆರೋಪ ಕೈಬಿಟ್ಟರು. ಚಪ್ಪಾಳೆಗೂ ಸೆಕ್ಷನ್ನು ಹುಡುಕುವ ದೇಶದಲ್ಲಿ ಪರತಂಡದ ಬೆಂಬಲಿಗನಿಗೆ ಒಂದು ಕುರ್ಚಿ ಕೊಡಿ ಎಂದು ಕೇಳುವುದು ಸಣ್ಣ ಬೇಡಿಕೆಯೇನಲ್ಲ.

ಹಾಗೆಂದು ನಮ್ಮಲ್ಲಿ ಆ ಕುರ್ಚಿ ಇಲ್ಲವೇ ಇಲ್ಲ ಎನ್ನಲಾಗದು. ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಕೇರಳ ಬ್ಲಾಸ್ಟರ್ಸ್ ಬಂದಾಗ ನೋಡಬೇಕು. ಬೆಂಗಳೂರು ಎಫ್‌ಸಿಯ ನೀಲಿಯ ನಡುವೆ ದೊಡ್ಡದೊಂದು ಹಳದಿ ತುಂಡು. ಆ ಹಳದಿಯವರಲ್ಲಿ ರಾತ್ರಿ ಬಸ್ಸಿಗೆ ಬಂದವರು ಸ್ವಲ್ಪ. ಉಳಿದವರು ಬೆಂಗಳೂರಿನ ಬೇಕರಿಯವರು, ನರ್ಸುಗಳು, ಕಂಪ್ಯೂಟರ್ ಕಂಪನಿಯವರು. ಇಲ್ಲೇ ಬಾಡಿಗೆ ಕಟ್ಟುವವರು. 2023ರ ಮಾರ್ಚ್ 3ರಂದು ಐಎಸ್‌ಎಲ್ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಸಜ್ಜಾಗುವ ಮುಂಚೆಯೇ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ಅನ್ಯಾಯವೆಂದು ಬ್ಲಾಸ್ಟರ್ಸ್ ತಂಡಕ್ಕೆ ತಂಡವೇ ಮೈದಾನ ಬಿಟ್ಟು ನಡೆಯಿತು. ಆಮೇಲೆ ಆ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ಅದು ಇರಲಿ. ಆಟಗಾರರಿಗೆ ಎದ್ದು ಹೋಗಲು ಕೊಚ್ಚಿ ಇತ್ತು. ಗ್ಯಾಲರಿಯ ಆ ಹಳದಿ ಅಂಗಿಯವನು ಎಲ್ಲಿಗೆ ಹೋಗಬೇಕು? ಅವನ ಮನೆ ಇದ್ದದ್ದೇ ಬೆಂಗಳೂರಿನಲ್ಲಿ. ಮರುದಿನ ಬೆಳಿಗ್ಗೆ ಅವನು ಅಂಗಡಿ ತೆರೆದು ನೀಲಿ ಅಂಗಿಯವನಿಗೆ ಬನ್ನು ಕೊಡಬೇಕು. ಅವನನ್ನು ಯಾವ ಬೇಲಿಯ ಆಚೆ ನಿಲ್ಲಿಸುತ್ತೀರಿ?

ನಾವೂ ಒಮ್ಮೆ ಅಕ್ಕನ ಮಗನ ಹಟಕ್ಕೆ ನೀಲಿ ಶಾಲು ಹೊದ್ದು ಕೊಚ್ಚಿಯ ಕಲೂರು ಕ್ರೀಡಾಂಗಣಕ್ಕೆ ಹೋಗಿದ್ದೆವು. ಸುತ್ತ ಹಳದಿಯ ಸಮುದ್ರ. ಹುಡುಗ "ಮಾಮೂ, ಶಾಲು ಚೀಲದಲ್ಲಿಡೋಣವಾ?" ಎಂದು ಮೆಲ್ಲಗೆ ಕೇಳಿದ. ಅಷ್ಟರಲ್ಲಿ ಚಹಾದ ಅಂಗಡಿಯವ ನಮ್ಮ ಕೊರಳು ನೋಡಿ, ಇವತ್ತು ನೀವು ಸೋಲುವುದು ಖಚಿತ, ಮೊದಲು ಚಾಯ ಕುಡಿಯಿರಿ ಎಂದು ಮಲಯಾಳದಲ್ಲಿ ಹೇಳಿ ಬೆಂಚು ಒರೆಸಿದ. ಕಾಸು ಮಾತ್ರ ಬಿಡಲಿಲ್ಲ. ಶಾಲು ಕೊನೆಯವರೆಗೂ ಕೊರಳಲ್ಲೇ ಇತ್ತು. ಅಲ್ಲಿ ಯಾರೂ ನಮ್ಮನ್ನು ಪ್ರೀತಿಸಲಿಲ್ಲ. ತೊಂಬತ್ತು ನಿಮಿಷ ಚೆನ್ನಾಗಿಯೇ ಬೈದರು. ನಾವೂ ಬೈದೆವು. ನಾವು ಕೇಳುತ್ತಿರುವುದು ಇಷ್ಟನ್ನೇ. ಬೈಯಲು ಎದುರಿಗೆ ಒಬ್ಬನಿರಲಿ, ಬೈಸಿಕೊಂಡವನು ಕ್ಷೇಮವಾಗಿ ಬಸ್ಸು ಹತ್ತಲಿ. ಅವನ ಪಾಲಿನ ಟಿಕೆಟ್ಟು, ಅವನ ಬಾಗಿಲು, ಅವನ ಶೌಚಾಲಯ ಎಲ್ಲವೂ ತವರಿನವನದರಷ್ಟೇ ಚೊಕ್ಕಟವಾಗಿರಲಿ. ಇಷ್ಟು ಮಾಡಲಾಗದ ಪೊಲೀಸರೂ ಕ್ಲಬ್ಬುಗಳೂ ತಮ್ಮ ಅಸಾಮರ್ಥ್ಯಕ್ಕೆ ಭದ್ರತೆ ಎಂಬ ಹೆಸರಿಡಬಾರದು.

2022ರ ಅಕ್ಟೋಬರ್ 6ರಂದು ಅದೇ ಲಾ ಪ್ಲಾತಾ ನಗರದಲ್ಲಿ ಹಿಮ್ನಾಸಿಯಾ ಮತ್ತು ಬೋಕಾ ಪಂದ್ಯ ನಡೆಯುವಾಗ ಪೊಲೀಸರು ಹೊರಗೆ ಸಿಡಿಸಿದ ಅಶ್ರುವಾಯು ಮೈದಾನಕ್ಕೆ ತುಂಬಿ ಆಟ ನಿಂತಿತು. ಹೃದಯಾಘಾತದಿಂದ ಒಬ್ಬರು ಸತ್ತರು. ಆ ದಿನವೂ ಅಲ್ಲಿ ಪರವೂರಿನ ಬೆಂಬಲಿಗರಿರಲಿಲ್ಲ. ಅರ್ಜೆಂಟೀನಾ ಮನಸ್ಸು ಬದಲಿಸಲು ಇನ್ನೂ ಮೂರು ವರ್ಷ ಹಿಡಿಯಿತು. 2025ರ ಜುಲೈನಲ್ಲಿ ಆಯ್ದ ಕೆಲವು ಪಂದ್ಯಗಳಿಗೆ ಹೊರಗಿನವರನ್ನು ಮತ್ತೆ ಬಿಡತೊಡಗಿದರು. ಮೊದಮೊದಲು ಬಾಗಿಲು ತೆರೆದ ಮೈದಾನಗಳಲ್ಲಿ ಲಾನೂಸ್‌ನದೂ ಒಂದು. ಹನ್ನೆರಡು ವರ್ಷಗಳ ಹಿಂದೆ ಪರವೂರಿಗೆ ಆಟ ನೋಡಲು ಹೋದ ತನ್ನವನೊಬ್ಬನನ್ನು ಕಳೆದುಕೊಂಡ ಆ ಕ್ಲಬ್ಬಿನ ಮನೆಗೆ ರೊಸಾರಿಯೋ ಊರಿನಿಂದ ಸಾವಿರಾರು ಜನ ಅತಿಥಿಗಳು ತಮ್ಮ ಬಣ್ಣದ ಅಂಗಿ ತೊಟ್ಟು ಬಂದರು.