ಕಾರಿನಲ್ಲಿ ಕೂತವರಿಗೂ ಚರ್ಚು ಬೇಡವೇ?

ಕ್ಯಾಲಿಫೋರ್ನಿಯಾದ ಗಾರ್ಡನ್ ಗ್ರೋವ್‌ನಲ್ಲಿ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ 1961ರಲ್ಲಿ ಕಟ್ಟಿಕೊಟ್ಟ ಪ್ರೊಟೆಸ್ಟಂಟರ ರಿಫಾರ್ಮ್ಡ್ ಪಂಥದ ಚರ್ಚನ್ನು ಹೀಗಳೆಯುವವರ ಮೊದಲ ತಕರಾರು ಇದು: ಕಾರಿನಲ್ಲಿ ಕೂತು ಬೋಧನೆ ಕೇಳುವುದು ಸಿನಿಮಾ ನೋಡಿದಂತೆ, ಅದು ಆರಾಧನೆಯಲ್ಲ.

ಈ ಚರ್ಚಿನ ಪಾದ್ರಿ ರಾಬರ್ಟ್ ಶುಲ್ಲರ್ 1955ರಲ್ಲಿ ಡ್ರೈವ್-ಇನ್ ಚಿತ್ರಮಂದಿರವೊಂದರ ತಿಂಡಿ ಅಂಗಡಿಯ ಮಾಡಿನ ಮೇಲೆ ನಿಂತು ಬೋಧಿಸಲು ಶುರುಮಾಡಿದ್ದು ನಿಜ. ಅದರಲ್ಲಿ ನಾಚಿಕೆಪಡುವಂಥದ್ದೇನಿದೆ? 1566ರಲ್ಲಿ ನೆದರ್ಲೆಂಡ್ಸ್‌ನ ರಿಫಾರ್ಮ್ಡ್ ಬೋಧಕರು ಮಾತಾಡಿದ್ದು ಊರ ಕೋಟೆಯಾಚೆಯ ಬಯಲಲ್ಲಿ. ಚರ್ಚುಗಳ ಬಾಗಿಲು ಅವರಿಗೆ ಮುಚ್ಚಿತ್ತು. ಆ ಬಯಲಲ್ಲಿ ನಿಂತು ಕೇಳಿದವರದು ಆರಾಧನೆಯಾದರೆ, ನಡೆಯಲಾರದೆ ಕಾರಿನಲ್ಲೇ ಕೂತು ಕೇಳಿದವರದೂ ಆರಾಧನೆಯೇ.

ನ್ಯೂಟ್ರಾ ಮಾಡಿದ್ದನ್ನು ಹತ್ತಿರದಿಂದ ನೋಡಿ. ಉದ್ದನೆಯ ಸಭಾಂಗಣ, ಅದರ ಬದಿಗೆ ಗಾಜಿನ ಗೋಡೆ, ಅದರಾಚೆ ಕಾರು ನಿಲ್ಲಿಸುವ ಅಂಗಳ. ಬೋಧಕನ ಪೀಠದ ಹತ್ತಿರ ಆ ಗಾಜು ಪಕ್ಕಕ್ಕೆ ಸರಿಯುತ್ತಿತ್ತು. ಅಲ್ಲಿ ನಿಂತ ಪಾದ್ರಿ ಬೆಂಚುಗಳಲ್ಲಿ ಕೂತವರಿಗೂ ಕಾಣುತ್ತಿದ್ದರು, ಕಾರುಗಳಲ್ಲಿ ಕೂತವರಿಗೂ ಕಾಣುತ್ತಿದ್ದರು. ಬೋಧಕನ ಮಾತು ಇಬ್ಬರಿಗೂ ಸಮನಾಗಿ ತಲುಪಲಿ ಎಂದೇ ಹಾಕಿದ ನಕ್ಷೆ ಇದು. ದೇವವಾಕ್ಯದ ಬೋಧನೆಯನ್ನೇ ಆರಾಧನೆಯ ನಟ್ಟನಡುವೆ ಇಟ್ಟುಕೊಂಡ ಪಂಥಕ್ಕೆ ಇದಕ್ಕಿಂತ ಒಪ್ಪುವ ಕಟ್ಟಡ ಯಾವುದೆಂದು ಟೀಕಾಕಾರರೇ ತೋರಿಸಲಿ.

ಎರಡನೆಯ ಮಾತು: ಬರೀ ಗಾಜು, ಉಕ್ಕು, ಆಫೀಸಿನ ಹಾಗಿದೆ, ಭಕ್ತಿ ಮೂಡುವುದಿಲ್ಲ. ಬಣ್ಣದ ಗಾಜು, ಸಂತರ ಮೂರ್ತಿ ಇಲ್ಲದೆ ಭಕ್ತಿ ಮೂಡದೆನ್ನುವವರು ರಿಫಾರ್ಮ್ಡ್ ಚರ್ಚಿನಲ್ಲಿ ಅವನ್ನು ಹುಡುಕುವುದೇ ತಪ್ಪು. ಡಚ್ ಚಿತ್ರಕಾರ ಪೀಟರ್ ಸಾನ್ರೆಡಾಮ್ 17ನೇ ಶತಮಾನದಲ್ಲಿ ಬರೆದ ಹಾರ್ಲೆಮ್ ಚರ್ಚಿನ ಚಿತ್ರಗಳಲ್ಲಿ ಇರುವುದೇನು? ಬಿಳಿ ಗೋಡೆ, ತಿಳಿ ಗಾಜು, ಒಳಗೆಲ್ಲ ಹರಡಿದ ಹಗಲು. ಅದೇ ಬೆಳಕನ್ನು ನ್ಯೂಟ್ರಾ ತಮ್ಮ ಕಾಲದ ಸಾಮಗ್ರಿಯಲ್ಲಿ ಒಳಗೆ ಕರೆತಂದರು.

ಇನ್ನು ಶುಲ್ಲರ್ ಸಂಸ್ಥೆ 2010ರಲ್ಲಿ ದಿವಾಳಿ ಅರ್ಜಿ ಹಾಕಿದ ಮಾತು. ಅದಕ್ಕೆ ಆಡಂಬರವೇ ಕಾರಣವೆಂದು ದೂರು ಹೊರಿಸುವುದಿದ್ದರೆ ಅದೇ ಆವರಣದಲ್ಲಿ ಫಿಲಿಪ್ ಜಾನ್ಸನ್ 1980ರಲ್ಲಿ ಮುಗಿಸಿದ, ಹತ್ತು ಸಾವಿರಕ್ಕೂ ಹೆಚ್ಚು ಗಾಜಿನ ಹಲಗೆಗಳ ಕ್ರಿಸ್ಟಲ್ ಕ್ಯಾಥೆಡ್ರಲ್ ಮೇಲೆ ಹೊರಿಸಿ. ನನಗೂ ಅದು ಅತಿಯೆನಿಸುತ್ತದೆ. ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲೇ ಎದ್ದ ಕಟ್ಟಡವನ್ನು ಆ ಲೆಕ್ಕಕ್ಕೆ ಎಳೆಯುವುದು ಅನ್ಯಾಯ. 2012ರಲ್ಲಿ ಇಡೀ ಆವರಣ ಕೊಂಡ ಕ್ಯಾಥೊಲಿಕ್ ಡಯಾಸಿಸ್, ಜಾನ್ಸನ್‌ರ ಮಂದಿರದೊಳಗೆ ಬಿಸಿಲು ತಡೆಯಲು ಸಾವಿರಾರು ಫಲಕ ಜೋಡಿಸಬೇಕಾಯಿತು. ನ್ಯೂಟ್ರಾ ಅವರ ಚರ್ಚನ್ನು ದುರಸ್ತಿ ಮಾಡಿ ಉಳಿಸಿಕೊಂಡಿದೆ.