ಆಳಿಲ್ಲವೆನ್ನುವ ಊರಿನಲ್ಲಿ ಕೆಲಸವಿಲ್ಲದ ಕೈಗಳು

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಯಾವ ರೈತರನ್ನು ಮಾತನಾಡಿಸಿದರೂ ಮೊದಲು ಕೇಳಿಬರುವ ದೂರು ಒಂದೇ: ಆಳು ಸಿಗುವುದಿಲ್ಲ. ಅದೇ ಊರಿನ ಕೂಲಿಕಾರರ ಕೇರಿಗೆ ಹೋಗಿ ವಿಚಾರಿಸಿದರೆ, ಕೆಲಸ ಸಿಗುವುದಿಲ್ಲ ಎನ್ನುತ್ತಾರೆ. ಒಬ್ಬರು ಸುಳ್ಳು ಹೇಳುತ್ತಿರಬೇಕು ಎಂದು ಪಟ್ಟಣದವರಿಗೆ ತೋರಬಹುದು. ಇಬ್ಬರ ಮಾತೂ ನಿಜ. ರೈತ ಹೇಳುವುದು ಕಾರ್ತೀಕದ ಮಾತು, ಕೂಲಿಕಾರ ಹೇಳುವುದು ಚೈತ್ರದ ಮಾತು.

ಈ ತಾಲ್ಲೂಕುಗಳು ಮಧ್ಯ ಒಣ ವಲಯಕ್ಕೆ ಸೇರಿದವು. ಈ ವಲಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 450ರಿಂದ 720 ಮಿಲಿಮೀಟರ್. ಪಾವಗಡ, ಸಿರಾ, ಮಧುಗಿರಿಗಳ ಖುಷ್ಕಿ ಜಮೀನಿನಲ್ಲಿ ಬಹುಕಾಲದಿಂದ ಕಡಲೆಕಾಯಿಯೇ ಮುಖ್ಯ ಬೆಳೆ. ಜೂನ್–ಜುಲೈನಲ್ಲಿ ಹದ ನೋಡಿ ಎಲ್ಲರೂ ಒಟ್ಟಿಗೆ ಬಿತ್ತುತ್ತಾರೆ, ಎಲ್ಲರ ಹೊಲದಲ್ಲೂ ಕಳೆ ಒಟ್ಟಿಗೇ ಏಳುತ್ತದೆ. ಹೂಡು ಇಳಿದ ಮೇಲೆ ಹೊಲಕ್ಕೆ ಕೈ ಹಾಕುವಂತಿಲ್ಲ. ಸುಮಾರು 110 ದಿನಕ್ಕೆ ಬೆಳೆ ಬಲಿತಾಗ ಗಿಡ ಕೀಳುವುದಕ್ಕೂ ಕಾಯಿ ಬಿಡಿಸುವುದಕ್ಕೂ ಊರಿಗೆ ಊರೇ ಆಳು ಹುಡುಕುತ್ತದೆ. ಮೂರು ವಾರದ ಕೆಲಸಕ್ಕೆ ನೂರು ಜನ ಬೇಕು. ಮುಂದಿನ ಏಳು ತಿಂಗಳಿಗೆ ಹತ್ತು ಜನರೂ ಬೇಡ. ಆ ಏಳು ತಿಂಗಳು ಆ ನೂರು ಜನರು ಏನು ತಿನ್ನಬೇಕು? ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಗಾರೆ ಕೆಲಸಕ್ಕೆ ಸೇರಿ, ಮಕ್ಕಳನ್ನು ಅಲ್ಲಿಯೇ ಶಾಲೆಗೆ ಹಾಕಿದ ಸಂಸಾರ ನಮ್ಮ ಕಡಲೆಕಾಯಿ ಕೀಳಲು ಮರಳಿ ಬರುವುದಿಲ್ಲ.

ಸರ್ಕಾರಿ ಲೆಕ್ಕದಲ್ಲಿ ಈ ನಿರುದ್ಯೋಗ ಸುಲಭವಾಗಿ ಕಾಣಿಸಿಕೊಳ್ಳುವುದಿಲ್ಲ. 2011ರ ಜನಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳಾದರೂ ದುಡಿದವರನ್ನು ಮುಖ್ಯ ಕೆಲಸಗಾರರೆಂದೂ, ಅದಕ್ಕಿಂತ ಕಡಿಮೆ ದುಡಿದವರನ್ನು ಅಲ್ಪಾವಧಿ ಕೆಲಸಗಾರರೆಂದೂ ಬರೆದುಕೊಂಡರು. ಕಾರ್ಮಿಕರ ಸಮೀಕ್ಷೆಯ ವಾರದ ಲೆಕ್ಕ ಇನ್ನೂ ಉದಾರವಾದುದು. ಆ ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಅವನು ಉದ್ಯೋಗಸ್ಥ. ಮನೆಯ ಎರಡು ಕುರಿ ಮೇಯಿಸಿಕೊಂಡು ಬಂದ ಹುಡುಗನೂ ಉದ್ಯೋಗಸ್ಥನೇ!

ನಾಲ್ಕೂ ತಾಲ್ಲೂಕುಗಳ ಸ್ಥಿತಿ ಒಂದೇ ಅಲ್ಲ. ಕೊರಟಗೆರೆಯ ಯುವಕರಿಗೆ ತುಮಕೂರು ಹತ್ತಿರ, ವಸಂತನರಸಾಪುರದ ಕೈಗಾರಿಕಾ ಪ್ರದೇಶವೂ ಹತ್ತಿರ. ಅಲ್ಲಿ ಅಡಿಕೆ, ತೆಂಗು, ಹೂವಿನ ತೋಟಗಳು ವರ್ಷವಿಡೀ ಅಷ್ಟಿಷ್ಟು ಕೆಲಸ ಕೊಡುತ್ತವೆ. ಸಿರಾಕ್ಕೆ ಹೆದ್ದಾರಿ ಇದೆ. ಮೂರು ದಿಕ್ಕಿಗೂ ಆಂಧ್ರವನ್ನೇ ನೆರೆಯಾಗಿಟ್ಟುಕೊಂಡ ಪಾವಗಡಕ್ಕೆ ಇವೆರಡೂ ಇಲ್ಲ.

ಪಾವಗಡಕ್ಕೆ ಬಂದದ್ದು ಸೌರ ವಿದ್ಯುತ್ತು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಸೌರ ಪಾರ್ಕು 2019ರ ಕೊನೆಗೆ 2,050 ಮೆಗಾವ್ಯಾಟ್ ತಲುಪಿತು. ಭೂಮಿಯನ್ನು ಕಿತ್ತುಕೊಳ್ಳದೆ 28 ವರ್ಷದ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕ್ರಮವೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ ಎಂದು ಒಪ್ಪಂದವಾಯಿತು. ಮಳೆ ಕೈಕೊಟ್ಟು ಕೈಕೊಟ್ಟು ಬೇಸತ್ತಿದ್ದ ರೈತ ಇದಕ್ಕೆ ಸಹಿ ಹಾಕಿದ್ದನ್ನು ತಪ್ಪೆನ್ನಲಾರೆ. ನಾನಾಗಿದ್ದರೂ ಹಾಕುತ್ತಿದ್ದೆ.

ಆದರೆ ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಆ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರಿಗೆ, ಬೆಳೆ ಕೊಯ್ದ ಮೇಲೆ ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿ ಇರಲಿಲ್ಲ. ಕಟ್ಟುವ ಕಾಲದಲ್ಲಿ ಕೆಲಸ ಸಿಕ್ಕಿತು. ಕಟ್ಟಿ ಮುಗಿದ ಮೇಲೆ ಉಳಿದದ್ದು ಹುಲ್ಲು ಕೀಳುವುದು, ಫಲಕ ತೊಳೆಯುವುದು, ಕಾವಲು ಕಾಯುವುದು. ಅಷ್ಟು ಎಕರೆಯಲ್ಲಿ ದುಡಿಯುತ್ತಿದ್ದ ಕೈಗಳಿಗೆಲ್ಲ ಅದು ಸಾಲದು. ಜಮೀನಿನ ಆದಾಯ ಹೆಚ್ಚಿದರೂ ಊರಿನ ಕೆಲಸ ಕುಗ್ಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ನಾವೂ ನಮ್ಮ ಬೆಳೆಯ ಲೆಕ್ಕದಲ್ಲಿ ಎಕರೆಗೆ ಎಷ್ಟು ಚೀಲ ಎಂದು ಬರೆಯುತ್ತೇವೆ. ಯಾವ ತಿಂಗಳಲ್ಲಿ ಎಷ್ಟು ಆಳಿನ ಕೆಲಸ ಎಂದು ಬರೆಯುವುದಿಲ್ಲ. ಬರೆದು ನೋಡಿದರೆ ಹಿರಿಯರ ಅಕ್ಕಡಿ ಸಾಲಿನ ಜಾಣತನ ತಿಳಿದೀತು. ಕಡಲೆಕಾಯಿಯ ನಡುವೆ ತೊಗರಿ ಇದ್ದರೆ ಕಡಲೆಕಾಯಿ ಕಿತ್ತ ಮೇಲೆಯೂ ಹೊಲ ಖಾಲಿಯಾಗುವುದಿಲ್ಲ, ತೊಗರಿಯ ಕೊಯ್ಲು ಸಂಕ್ರಾಂತಿಯ ಆಸುಪಾಸಿಗೆ ಬರುತ್ತದೆ. ಒಂದು ತಾಕಿನಲ್ಲಿ ರಾಗಿ ಮತ್ತು ಅವರೆ ಇದ್ದರೆ ಡಿಸೆಂಬರಿಗೂ ಕೆಲಸವುಂಟು. ಬದುವಿನ ಹುಣಸೆ ಮರ ಶಿವರಾತ್ರಿಯಿಂದ ಯುಗಾದಿಯವರೆಗೆ ಹಣ್ಣು ಉದುರಿಸಿ, ತೊಗಟೆ ಬಿಡಿಸಿ, ಬೀಜ ತೆಗೆಯುವ ಕೆಲಸ ಕೊಡುತ್ತದೆ. ಹುಣಸೆಯನ್ನು ಇಡೀ ಹಣ್ಣಾಗಿಯೇ ವ್ಯಾಪಾರಿಗೆ ಒಪ್ಪಿಸಿದರೆ ಆ ಕೂಲಿಯೂ ಪರಊರಿನ ಪಾಲು. ಬಿತ್ತನೆ ಕಡಲೆಕಾಯಿಯನ್ನು ಯಂತ್ರದಲ್ಲಿ ಸುಲಿಸಿದರೆ ಬೀಜದ ಸಿಪ್ಪೆಗೆ ಪೆಟ್ಟಾಗಿ ಮೊಳಕೆ ಕೆಡುತ್ತದೆ. ಎಕರೆಗೆ ಬೇಕಾದ 40 ಕಿಲೋಗ್ರಾಂನಷ್ಟು ಬೀಜವನ್ನು ಬಿತ್ತನೆಗೆ ಒಂದೆರಡು ವಾರ ಮುಂಚೆ ಕೈಯಲ್ಲಿಯೇ ಸುಲಿಸಿದರೆ, ಕೆಲಸವಿಲ್ಲದ ಕಾಲದಲ್ಲಿ ಮುದುಕರಿಗೂ ನಾಲ್ಕು ಕಾಸು. ಕೀಳುವ ಮೂರು ವಾರಕ್ಕೆ ಯಂತ್ರ ತರುವುದಕ್ಕೆ ನನ್ನ ವಿರೋಧವಿಲ್ಲ. ಬೇಸಿಗೆಯ ಕೆಲಸವನ್ನೂ ಯಂತ್ರಕ್ಕೆ ಕೊಟ್ಟು, ಆಮೇಲೆ ಆಳಿಲ್ಲವೆಂದು ಗೊಣಗುವುದಕ್ಕೆ ಮಾತ್ರ ವಿರೋಧ.

ಉದ್ಯೋಗ ಖಾತರಿಯಿಂದ ಆಳು ಕೆಟ್ಟರು ಎಂಬ ಮಾತು 2008ರಲ್ಲಿ ಆ ಯೋಜನೆ ನಮ್ಮ ಜಿಲ್ಲೆಗೆ ಬಂದಾಗಿನಿಂದ ಇದೆ. ಅದರಲ್ಲಿ ಇದ್ದುದು ಒಂದು ಸಂಸಾರಕ್ಕೆ ವರ್ಷಕ್ಕೆ 100 ದಿನ. ಉಳಿದ ದಿನಗಳಿಗೆ ನಾವೇನು ಕೊಟ್ಟೆವು? 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯಿದೆ ಈ ಮಿತಿಯನ್ನು 125 ದಿನಕ್ಕೆ ಏರಿಸಿತು. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲು ರಾಜ್ಯಕ್ಕೆ ಅವಕಾಶ ಕೊಟ್ಟಿತು. ರೈತರು ಇದನ್ನು ಸ್ವಾಗತಿಸುವುದು ಸಹಜ. ಆದರೆ ಪಾವಗಡದಲ್ಲಿ ಮುಂಗಾರು ತಪ್ಪಿ ಬಿತ್ತನೆಯೇ ಆಗದ ವರ್ಷ, ಜುಲೈನಲ್ಲಿ ಕಾಮಗಾರಿಯೂ ನಿಂತಿದ್ದರೆ ಕೂಲಿಕಾರನಿಗೆ ಹೊಲವೂ ಇಲ್ಲ, ಕೆರೆಯ ಹೂಳೂ ಇಲ್ಲ. ಕೊರಟಗೆರೆಯ ತೋಟಕ್ಕೂ ತಿರುಮಣಿಯ ಖುಷ್ಕಿಗೂ ಒಂದೇ ದಿನಾಂಕ ಹೊಂದುವುದಿಲ್ಲ. ಯಾವ ವಾರಗಳಲ್ಲಿ ಆಳು ಬೇಕು, ಮಳೆ ಬಾರದಿದ್ದರೆ ಏನು ಮಾಡಬೇಕು ಎಂಬುದನ್ನು ಗ್ರಾಮಸಭೆಯಲ್ಲಿ ಕೂಲಿಕಾರರನ್ನೂ ಕೂರಿಸಿಕೊಂಡು ಬರೆಸಿ, ಮುಂಗಾರಿಗೆ ಮುಂಚೆಯೇ ತಾಲ್ಲೂಕು ಪಂಚಾಯತಿಗೆ ಕಳುಹಿಸಬೇಕು.